ಕರಾರಿಲ್ಲದ ಫೋನು, 28 ದಿನದ ಲೆಕ್ಕ

ಕುಮಟಾದಿಂದ ಕಡಲ ಕಡೆಗೆ ಇಳಿದರೆ ನಮ್ಮ ಹೊಳನಗದ್ದೆ. ಇಲ್ಲಿ ತಿಂಗಳ ಕೊನೆಗೆ ಮೊಬೈಲ್ ಬಿಲ್ಲು ಬರುವ ಮನೆಗಳು ಬಹಳ ಕಡಿಮೆ. ನೌಕರಿಯಲ್ಲಿರುವ ಕೆಲವರನ್ನು ಬಿಟ್ಟರೆ ಉಳಿದವರದ್ದೆಲ್ಲ ಪ್ರೀಪೇಯ್ಡ್. ಮೊದಲು ದುಡ್ಡು, ಆಮೇಲೆ ಮಾತು. ಇಡೀ ದೇಶದ ಲೆಕ್ಕ ತೆಗೆದರೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮೊಬೈಲ್ ಸಂಪರ್ಕಗಳು ಇಂಥವೇ. ಯಾವ ಕಂಪನಿಗೂ ವರ್ಷಗಟ್ಟಲೆ ಬರೆದುಕೊಡದೆ, ಕೈಯಲ್ಲಿ ಕಾಸಿದ್ದಾಗ ಹಾಕಿಸಿ, ಇಲ್ಲದಿದ್ದಾಗ ಸುಮ್ಮನಿರಬಹುದಾದ ಫೋನು ಇದು. ಕೂಲಿ ಮಾಡುವವರಿಗೆ, ಮೀನು ಮಾರುವವರಿಗೆ, ಗಂಡುಮಕ್ಕಳೆಲ್ಲ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಮನೆಯ ಹೆಂಗಸರಿಗೆ ಇದಕ್ಕಿಂತ ಒಗ್ಗುವ ವ್ಯವಸ್ಥೆ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ. ಆದರೆ ಆ 'ಸುಮ್ಮನಿರಬಹುದಾದ' ಸ್ವಾತಂತ್ರ್ಯ ಈಚಿನ ವರ್ಷಗಳಲ್ಲಿ ಸದ್ದಿಲ್ಲದೆ ಕಿರಿದಾಗುತ್ತಿದೆ. ಅದನ್ನು ಉಳಿಸಿಕೊಳ್ಳುವ ದಾರಿಗಳೂ ಇವೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಊರಿನವರಿಗೆ ಇಂದಿಗೂ ಅಕ್ಕೋರು. ಒಂದು ಕಾಲದಲ್ಲಿ ಬ್ಯಾಂಕಿನ ಕಾಗದ, ಪಂಚಾಯತದ ನೋಟೀಸು ಹಿಡಿದುಕೊಂಡು ಜಗಲಿಗೆ ಬರುತ್ತಿದ್ದವರು ಈಗ ಫೋನು ಹಿಡಿದುಕೊಂಡು ಬರುತ್ತಾರೆ. "ಅಕ್ಕೋರೆ, ಎಂತದೋ ಮೆಸೇಜ್ ಬಂದದೆ, ಸ್ವಲ್ಪ ನೋಡ್ರಾ" ಎನ್ನುತ್ತಾರೆ. ನೋಡಿದರೆ ಬಹಳ ಸಲ ಅದು ಒಂದೇ ಸುದ್ದಿ: ನಿಮ್ಮ ಪ್ಯಾಕ್ ನಾಳೆ ಮುಗಿಯುತ್ತದೆ. ಕನ್ನಡ ಓದಬಲ್ಲವರಿಗೂ ಆ ಸಂದೇಶ ಇಂಗ್ಲಿಷಿನಲ್ಲಿ ಬಂದರೆ ಗಾಬರಿ. ಮುಗಿಯುವುದು ಪ್ಯಾಕೋ, ನಂಬರೋ, ಬ್ಯಾಂಕಿನ ಖಾತೆಯೋ ಎಂದು ತಿಳಿಯದೆ ಕೂಡಲೇ ಅಂಗಡಿಗೆ ಓಡುತ್ತಾರೆ.

ಈ ಗಾಬರಿ ಮೊದಲಿರಲಿಲ್ಲ. ಇದು ಹೇಗೆ ಬಂತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರೊಂದಿಗೆ ಮಾತನಾಡಿದರು. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು. ಕರೆ ಮಾಡಿದವರಷ್ಟೇ ಅಲ್ಲ, ಕರೆ ಬಂದವರೂ ಕೊಡಬೇಕಿತ್ತು. ಅದೇ ವರ್ಷ ದೂರದ ಪೋರ್ಚುಗಲ್ಲಿನಲ್ಲಿ ಒಂದು ಕಂಪನಿ, ಮುಂಗಡ ದುಡ್ಡು ತುಂಬಿಸಿ ಬಳಸುವ ಮೊಬೈಲ್ ಕಾರ್ಡನ್ನು ಮಾರುಕಟ್ಟೆಗೆ ತಂದಿತ್ತು. ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಜಾಮೀನು ಯಾವುದನ್ನೂ ಕೇಳದೆ ಫೋನು ಕೊಡಬಹುದು ಎಂಬ ಈ ಉಪಾಯವೇ ಮುಂದೆ ಬಡ ದೇಶಗಳಲ್ಲಿ ಮೊಬೈಲನ್ನು ಮನೆಮನೆಗೆ ಮುಟ್ಟಿಸಿತು. ಕಿರಾಣಿ ಅಂಗಡಿಯವನು ಉದ್ರಿ ಕೊಡುವ ಮೊದಲು ಗಿರಾಕಿಯ ಮುಖ, ಮನೆತನ ಎಲ್ಲ ನೋಡುತ್ತಾನೆ. ನಗದು ಕೊಟ್ಟವನಿಗೆ ಯಾವ ಪ್ರಶ್ನೆಯೂ ಇಲ್ಲ. ಪ್ರೀಪೇಯ್ಡಿನ ಮರ್ಯಾದೆ ಇರುವುದು ಅಲ್ಲಿ.

2003ರ ಮೇ 1ರಿಂದ ನಮ್ಮಲ್ಲಿ ಬರುವ ಕರೆಗಳು ಉಚಿತವಾದವು. ಕರಾವಳಿಗೆ ಮೊಬೈಲು ನಿಜವಾಗಿ ಬಂದದ್ದು ಆಮೇಲೆ ಎಂದೇ ನನ್ನ ಲೆಕ್ಕ. ಕರೆ ಮಾಡಲು ಕಾಸಿಲ್ಲದವನಿಗೂ ಕರೆ ಬರಬಹುದಾಯಿತು, ಮಿಸ್ಡ್ ಕಾಲ್ ಒಂದು ಭಾಷೆಯೇ ಆಯಿತು. ಒಂದು ಮಿಸ್ಡ್ ಕಾಲ್ ಅಂದರೆ ಬಸ್ಸು ಹತ್ತಿದೆ, ಎರಡು ಅಂದರೆ ಕುಮಟಾ ಸ್ಟ್ಯಾಂಡಿನಲ್ಲಿ ಇಳಿದೆ. ಮಕ್ಕಳ ಸುದ್ದಿಗಾಗಿ ಎಸ್‌ಟಿಡಿ ಬೂತಿನಲ್ಲಿ ಕಾಯುತ್ತ, ಕೆಂಪು ಅಂಕಿ ಓಡುವುದನ್ನು ನೋಡುತ್ತ ಅರ್ಧ ಮಾತಿಗೇ ಫೋನಿಟ್ಟ ತಾಯಂದಿರನ್ನು ಕಂಡವಳು ನಾನು. ಅವರಿಗೆ ಅದೊಂದು ಬಿಡುಗಡೆ.

ಮೀನುಗಾರರ ಮಟ್ಟಿಗೆ ಇದನ್ನು ಅಳೆದು ನೋಡಿದವರೂ ಇದ್ದಾರೆ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಕೇರಳದ ಉತ್ತರ ಕರಾವಳಿಯಲ್ಲಿ, ನಮ್ಮ ಕನ್ನಡಿಗರೂ ಇರುವ ಕಾಸರಗೋಡಿನವರೆಗೆ, 1997ರಿಂದ 2001ರ ನಡುವೆ ಮೊಬೈಲು ಹಂತಹಂತವಾಗಿ ಬಂದಂತೆ ಮೀನಿನ ಪೇಟೆಯಲ್ಲಿ ಏನಾಯಿತು ಎಂದು ಗಮನಿಸಿ 2007ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ನಮ್ಮ ತಾರ್ಲೆ, ಮಂಗಳೂರಿನವರ ಭೂತಾಯಿ. ಮೊಬೈಲು ಬರುವ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದರೆ, ಅದೇ ಹೊತ್ತಿಗೆ ಕೆಲವೇ ಮೈಲು ಆಚೆಯ ದಡದಲ್ಲಿ ಮೀನಿಲ್ಲದೆ ಗಿರಾಕಿಗಳು ಬರಿಗೈಲಿ ಹೋಗುತ್ತಿದ್ದರು. ಬೋಟಿನಿಂದಲೇ ಫೋನು ಮಾಡಿ ಎಲ್ಲಿ ಬೆಲೆಯಿದೆ ಎಂದು ಕೇಳಲು ಶುರುಮಾಡಿದ ಮೇಲೆ ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಸುಮಾರು ಶೇಕಡ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇಕಡ 4ರಷ್ಟು ಇಳಿಯಿತು. ಆ ಫೋನುಗಳಲ್ಲಿ ಇಂಟರ್ನೆಟ್ ಇರಲಿಲ್ಲ. ಬರೀ ಮಾತೇ ಅಷ್ಟು ಕೆಲಸ ಮಾಡಿತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕರಾರಿನ ಫೋನು ನಮ್ಮ ದೇಶಕ್ಕೆ ಬಂದೇ ಇಲ್ಲ ಎಂದಲ್ಲ. 2003ರಲ್ಲಿ ರಿಲಯನ್ಸ್ ಇನ್ಫೋಕಾಂ 501 ರೂಪಾಯಿ ಮುಂಗಡಕ್ಕೆ ಫೋನು ಕೈಗಿಟ್ಟು ಉಳಿದದ್ದನ್ನು ತಿಂಗಳ ಲೆಕ್ಕದಲ್ಲಿ ಕಟ್ಟಿಸಿಕೊಳ್ಳುವ ಯೋಜನೆ ತಂದಿತ್ತು. ಜನ ಮುಗಿಬಿದ್ದರು. ಆ ಸಿಡಿಎಂಎ ಫೋನುಗಳಲ್ಲಿ ಬೇರೆ ಕಂಪನಿಯ ಸಿಮ್ ಹಾಕುವಂತಿರಲಿಲ್ಲ. ಅಮೆರಿಕದಲ್ಲಿ ಇಂದಿಗೂ ಇದೇ ರೂಢಿ. ನನ್ನ ತಂಗಿಯ ಮಗ ಅಲ್ಲಿದ್ದಾನೆ. ಅವನು ಹೇಳುವಂತೆ ಅಲ್ಲಿ ಬಹಳ ಜನ ಫೋನನ್ನು ಕಂಪನಿಯಿಂದಲೇ 24 ಅಥವಾ 36 ತಿಂಗಳ ಕಂತಿನಲ್ಲಿ ಪಡೆಯುತ್ತಾರೆ. ಕಂತು ತೀರುವವರೆಗೆ ಆ ಫೋನು ಆ ಕಂಪನಿಗೇ ಕಟ್ಟಿಬಿದ್ದದ್ದು. ನಮ್ಮಲ್ಲಿ ಹಾಗಲ್ಲ. ಕುಮಟಾದ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಫೋನಿಗೆ ಯಾವ ಸಿಮ್ ಬೇಕಾದರೂ ಹಾಕಬಹುದು. ಹೆಚ್ಚಿನವುಗಳಲ್ಲಿ ಎರಡು ಸಿಮ್‌ಗೆ ಜಾಗವಿದೆ. ಫೋನು ಬೇರೆ, ಸಂಪರ್ಕ ಬೇರೆ, ನಂಬರು ಬೇರೆ. ಮೂರನ್ನೂ ಪ್ರತ್ಯೇಕವಾಗಿ ಬದಲಿಸಬಹುದಾದ ಈ ಅನುಕೂಲ ದೊಡ್ಡ ದೇಶದವರಿಗೂ ಸುಲಭವಾಗಿ ಸಿಗದದ್ದು.

ಈಗ 28 ದಿನದ ಲೆಕ್ಕಕ್ಕೆ ಬರೋಣ.

2005ರ ಕೊನೆಯಲ್ಲಿ ಕಂಪನಿಗಳು 'ಲೈಫ್‌ಟೈಮ್' ಪ್ರೀಪೇಯ್ಡ್ ಮಾರಿದವು. 999 ರೂಪಾಯಿ ಒಮ್ಮೆ ಕೊಟ್ಟರೆ ಬರುವ ಕರೆಗಳಿಗೆ ಮತ್ತೆ ರೀಚಾರ್ಜ್ ಬೇಡ ಎಂಬ ಮಾತು. ನಮ್ಮೂರಿನಲ್ಲಿ ಮಗ ಹಬ್ಬಕ್ಕೆ ಬಂದಾಗ ತಾಯಿಗೆ ಕೊಡಿಸಿದ ಉಡುಗೊರೆ ಎಷ್ಟೋ ಕಡೆ ಇದೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಪೈಪೋಟಿಯಲ್ಲಿ ಹಲವು ಕಂಪನಿಗಳು ಮುಳುಗಿದವು. 2018ರ ನವೆಂಬರ್ ಹೊತ್ತಿಗೆ ಉಳಿದ ಕಂಪನಿಗಳು ಕನಿಷ್ಠ ರೀಚಾರ್ಜ್ ಎಂಬುದನ್ನು ತಂದವು: 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕದಿದ್ದರೆ ಹೋಗುವ ಕರೆಯೂ ಇಲ್ಲ, ಬರುವ ಕರೆಯೂ ಇಲ್ಲ. ಲೈಫ್‌ಟೈಮ್ ಅಲ್ಲಿಗೆ ಮುಗಿಯಿತು. ಏರ್‌ಟೆಲ್‌ನಲ್ಲಿ ಆ 35 ರೂಪಾಯಿಯ ಜಾಗಕ್ಕೆ 2021ರ ನವೆಂಬರಿನಲ್ಲಿ 99 ಬಂತು, 2024ರ ಜುಲೈನಲ್ಲಿ 199. ಆ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದವು. 199 ರೂಪಾಯಿಗೆ ಮೊದಲಿನ 35ಕ್ಕಿಂತ ಬಹಳ ಹೆಚ್ಚು ಸಿಗುತ್ತದೆ, ಮಿತಿಯಿಲ್ಲದ ಮಾತು, ಒಂದಿಷ್ಟು ಡೇಟಾ. ಆದರೆ ಕೇಳದಿದ್ದವರೂ ಅದನ್ನೇ ಕೊಳ್ಳಬೇಕಾಯಿತು.

28 ದಿನ ಅಂದರೆ ತಿಂಗಳಲ್ಲ. ವರ್ಷಕ್ಕೆ ಹನ್ನೆರಡು ರೀಚಾರ್ಜ್ ಎಂದು ತಿಳಿದವರು ಹದಿಮೂರು ಮಾಡಿಸುತ್ತಾರೆ. 199ರ ಲೆಕ್ಕದಲ್ಲಿ ವರ್ಷಕ್ಕೆ 2,587 ರೂಪಾಯಿ. ನಾನು ಶಾಲೆಯಲ್ಲಿ ಕಲಿಸಿದ ಹುಡುಗಿಯೊಬ್ಬಳು, ಈಗ ಎರಡು ಮಕ್ಕಳ ತಾಯಿ, ಮನೆಯ ಮೂರು ಫೋನುಗಳ ಲೆಕ್ಕ ಹಾಕಿ ನನ್ನೆದುರು ಕೂತು ಹೇಳಿದಳು, "ಅಕ್ಕೋರೆ, ಮಕ್ಕಳ ಶಾಲೆ ಫೀಸಿಗಿಂತ ಇದೇ ಹೆಚ್ಚಾಯ್ತಲ್ರಾ." ಸರ್ಕಾರಿ ಶಾಲೆಯ ಮಕ್ಕಳ ಮನೆಯಲ್ಲಿ ಅದು ಅಕ್ಷರಶಃ ನಿಜ.

ಇದರ ಬಗ್ಗೆ ದೂರುಗಳು ಹೋಗಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನೂ, ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸುವ ಒಂದು ಪ್ಯಾಕನ್ನೂ ಇಡಲೇಬೇಕು. ಅವು ಇವೆ. ಅಂಗಡಿಯ ಗೋಡೆಯ ಮೇಲಿನ ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ, ಕೇಳಬೇಕು.

ಅದಕ್ಕಿಂತ ಮುಖ್ಯವಾದದ್ದು 2024ರ ಡಿಸೆಂಬರಿನ ತಿದ್ದುಪಡಿ. ಡೇಟಾ ಇಲ್ಲದ, ಕೇವಲ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕೊಂದನ್ನು ಎಲ್ಲ ಕಂಪನಿಗಳೂ ಕೊಡಬೇಕು, ವಿಶೇಷ ಪ್ಯಾಕುಗಳ ಅವಧಿ ಮೊದಲಿನ 90 ದಿನದ ಮಿತಿ ದಾಟಿ 365 ದಿನದವರೆಗೂ ಇರಬಹುದು ಎಂದು ಟ್ರಾಯ್ ಹೇಳಿತು. 2025ರ ಜನವರಿಯಲ್ಲಿ ಕಂಪನಿಗಳು ಅಂಥ ಪ್ಯಾಕ್ ತಂದವು. ಜಿಯೋ 84 ದಿನಕ್ಕೆ 448 ಮತ್ತು 336 ದಿನಕ್ಕೆ 1,748 ರೂಪಾಯಿ ಎಂದಿತು. ಏರ್‌ಟೆಲ್ 84 ದಿನಕ್ಕೆ 469, ವರ್ಷಕ್ಕೆ 1,849 ಎಂದಿತು. ದರ ಮುಂದೆ ಬದಲಾಗಬಹುದು, ಆದ್ದರಿಂದ ಹಾಕಿಸುವ ದಿನ ಕೇಳಿಯೇ ಹಾಕಿಸಿ. ಆದರೆ ಲೆಕ್ಕದ ದಾರಿ ಅದೇ: ವರ್ಷಕ್ಕೆ 2,587 ಎಲ್ಲಿ, 1,849 ಎಲ್ಲಿ? ಮಾತು ಬಿಟ್ಟು ಬೇರೇನೂ ಬೇಡದ ಒಂದು ಫೋನಿಗೆ 738 ರೂಪಾಯಿ ಉಳಿಯುತ್ತದೆ.

ಇಂಥವರು ಊರಲ್ಲಿ ಎಷ್ಟು ಜನ! "ನಾ ಮಾತಾಡೂದು ಮಗನ ಹತ್ರ ಮಾತ್ರ, ಇಷ್ಟೆಲ್ಲ ನೆಟ್ಟು ನಂಗೆ ಎಂತಕ್ಕೆ?" ಎಂದು ಕೇಳಿದ ಹಿರಿಯರೊಬ್ಬರ ಫೋನಿನಲ್ಲಿ ದಿನವೂ ಒಂದೂವರೆ ಜಿಬಿ ಬಂದು ರಾತ್ರಿ ಹನ್ನೆರಡಕ್ಕೆ ಹಾಗೆಯೇ ಹೋಗುತ್ತಿತ್ತು. ಅವರ ಕೈಯಲ್ಲಿದ್ದದ್ದು ಒತ್ತುವ ಗುಂಡಿಯ ಫೋನು. ಕೇರಳದ ಮೀನುಗಾರರ ವಿಷಯ ನೆನಪಿಡಿ ಎಂದದ್ದು ಇದಕ್ಕೇ. ಮಾತು ಮಾತ್ರ ಬೇಕಾದವರು ಹಿಂದುಳಿದವರಲ್ಲ. ಅವರಿಗೆ ಬೇಕಾದದ್ದನ್ನು ಬೇಕಾದಷ್ಟೇ ಮಾರುವುದು ಪೇಟೆಯ ಧರ್ಮ.

ಒಂದು ತೊಡಕು ಉಳಿಯುತ್ತದೆ. ಒಟ್ಟಿಗೆ 1,849 ರೂಪಾಯಿ ತೆಗೆದಿಡುವ ಶಕ್ತಿ ದಿನಗೂಲಿಯವರಿಗೆ ಇಲ್ಲ. ಸಣ್ಣ ಮೊತ್ತದಲ್ಲಿ ಕೊಳ್ಳುವವನು ಹೆಚ್ಚು ಬೆಲೆ ತೆರುವ ಈ ಅನ್ಯಾಯ ಅಕ್ಕಿ ಎಣ್ಣೆಯಲ್ಲೂ ಇದೆ, ಫೋನಿನಲ್ಲೂ ಇದೆ. ನಾನು ನಮ್ಮ ಕಡೆಯವರಿಗೆ ಹೇಳುವುದು ಮಳೆಗಾಲದ ಲೆಕ್ಕ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಬೋಟು ಕಟ್ಟಿ ಹುಡುಗರು ಮನೆಗೆ ಬಂದಿರುತ್ತಾರೆ. ಸಂಪಾದನೆ ನಿಂತರೂ 28 ದಿನದ ರೀಚಾರ್ಜ್ ಮಾತ್ರ ನಿಲ್ಲುವುದಿಲ್ಲ. ಮೇ ಕೊನೆಯ ಪಾಲಿನ ದುಡ್ಡು ಕೈಯಲ್ಲಿದ್ದಾಗಲೇ 84 ದಿನದ ಪ್ಯಾಕ್ ಹಾಕಿಸಿದರೆ ಅದು ಆಗಸ್ಟ್ ಮೂರನೇ ವಾರದವರೆಗೆ ಬರುತ್ತದೆ. ಅಷ್ಟರಲ್ಲಿ ಬೋಟು ಮತ್ತೆ ಹೊರಟಿರುತ್ತದೆ. ಈರುಳ್ಳಿ ಬೆಳೆಯುವವರಿಗೂ ಇದೇ ದಾರಿ: ಬೆಳೆ ಮಾರಿದ ವಾರ ದೊಡ್ಡ ಪ್ಯಾಕ್.

ಈರುಳ್ಳಿಯ ಮಾತು ಬಂತು. ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಗೆ ನಮ್ಮ ಸಿಹಿ ಈರುಳ್ಳಿಯ ಗೊಂಚಲು ತೂಗಿಸಿ ಕೂರುವ ಹೆಂಗಸರ ಪಕ್ಕದಲ್ಲಿ ಈಗ ಕ್ಯೂಆರ್ ಕೋಡಿನ ಫಲಕವಿದೆ. ಕಾರು ನಿಲ್ಲಿಸಿದವರು ಚಿಲ್ಲರೆ ಕೊಡುವುದಿಲ್ಲ, ಸ್ಕ್ಯಾನ್ ಮಾಡುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂತೋ ಇಲ್ಲವೋ ತಿಳಿಯುವುದು ಬ್ಯಾಂಕಿನ ಎಸ್‌ಎಂಎಸ್‌ನಿಂದ. ಗ್ಯಾಸ್ ಬುಕ್ ಮಾಡುವುದು, ಆಸ್ಪತ್ರೆಯ ಚೀಟಿ, ಮಕ್ಕಳ ವಿದ್ಯಾರ್ಥಿವೇತನ ಎಲ್ಲಕ್ಕೂ ಒಟಿಪಿ. ಹೀಗಾಗಿ ಪ್ರೀಪೇಯ್ಡ್ ನಂಬರೆಂಬುದು ಈಗ ಬರೀ ಮಾತಿನ ಸಾಧನವಲ್ಲ, ಪಡಿತರ ಚೀಟಿಯ ಸಾಲಿಗೆ ಸೇರಿದ ಕಾಗದ. ಅದು ಕೈತಪ್ಪಿ ಹೋಗಿ ಬೇರೊಬ್ಬರಿಗೆ ಹಂಚಿಕೆಯಾದರೆ ನಿಮ್ಮ ಒಟಿಪಿ ಅವರಿಗೆ ಹೋಗುವ ಅಪಾಯವಿದೆ. ಮರುಹಂಚಿಕೆಯಾದ ನಂಬರುಗಳ ಪಟ್ಟಿಯನ್ನು ಬ್ಯಾಂಕುಗಳು ಮತ್ತು ಯುಪಿಐ ಆ್ಯಪ್‌ಗಳು ವಾರಕ್ಕೊಮ್ಮೆಯಾದರೂ ನೋಡಿ ತಮ್ಮ ದಾಖಲೆ ತಿದ್ದಬೇಕೆಂಬ ನಿಯಮ 2025ರ ಏಪ್ರಿಲ್‌ನಿಂದ ಜಾರಿಗೆ ಬಂದದ್ದು ಇದಕ್ಕಾಗಿಯೇ.

ಹಾಗೆಂದು ಪ್ಯಾಕ್ ಮುಗಿದ ದಿನವೇ ನಂಬರು ಸಾಯುವುದಿಲ್ಲ. ಕರೆ, ಸಂದೇಶ, ಡೇಟಾ ಏನೂ ಇಲ್ಲದೆ 90 ದಿನ ಕಳೆಯುವವರೆಗೆ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡುವಂತಿಲ್ಲ. ಆಮೇಲೂ ಖಾತೆಯಲ್ಲಿ 20 ರೂಪಾಯಿ ಉಳಿದಿದ್ದರೆ ಅದನ್ನು ಕಳೆದುಕೊಂಡು ಇನ್ನೂ 30 ದಿನ ಉಳಿಸಬೇಕು. ಇದು 2013ರಿಂದಲೇ ಇರುವ ನಿಯಮ. 2025ರ ಜನವರಿಯಲ್ಲಿ ಇದೇ ಹೊಸ ಸುದ್ದಿ ಎಂಬಂತೆ ಹರಿದಾಡಿದಾಗ ಹೊಸದೇನೂ ಇಲ್ಲ ಎಂದು ಟ್ರಾಯ್ ಸ್ಪಷ್ಟಪಡಿಸಬೇಕಾಯಿತು. ಪ್ಯಾಕ್ ಮುಗಿದ ಕೆಲವೇ ದಿನಗಳಲ್ಲಿ ಬರುವ ಕರೆ ನಿಲ್ಲಬಹುದು, ಅದು ಬೇರೆ ಮಾತು. ನಂಬರು ನಿಮ್ಮದಾಗಿಯೇ ಇರುತ್ತದೆ. ಆದ್ದರಿಂದ ಸಂದೇಶ ಬಂದ ಕೂಡಲೇ ಸಾಲ ಮಾಡಿ ಓಡಬೇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿದ್ದಿರುವ ಎರಡನೇ ಸಿಮ್ ಬೇಕೆಂದಿದ್ದರೆ ಮಾತ್ರ 20 ರೂಪಾಯಿ ಬ್ಯಾಲೆನ್ಸ್ ಇಡಿ.

ಸಂಪರ್ಕ ಸರಿಯಿಲ್ಲವೆಂದರೆ ಕಂಪನಿ ಬದಲಿಸಿ. 2011ರ ಜನವರಿ 20ರಿಂದ ದೇಶದಲ್ಲೆಲ್ಲ ನಂಬರು ಉಳಿಸಿಕೊಂಡೇ ಬೇರೆ ಕಂಪನಿಗೆ ಹೋಗಬಹುದು. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರು ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಒಂದು ಕೋಡ್ ಬರುತ್ತದೆ, ಅದನ್ನು ಹೊಸ ಕಂಪನಿಯ ಅಂಗಡಿಗೆ ಕೊಟ್ಟರಾಯಿತು. ಹಳೆಯ ಪ್ಯಾಕಿನಲ್ಲಿ ಉಳಿದದ್ದು ಜೊತೆಗೆ ಬರುವುದಿಲ್ಲ, ಆದ್ದರಿಂದ ಪ್ಯಾಕ್ ಮುಗಿಯುವ ಹೊತ್ತಿಗೆ ಹೊರಡುವುದು ಜಾಣತನ. ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿ. ನೆರೆಮನೆಯವರ ಆ ಕಂಪನಿಯ ಫೋನನ್ನು ನಿಮ್ಮ ಅಡುಗೆಮನೆಗೆ, ಬಾವಿಕಟ್ಟೆಗೆ, ತೋಟಕ್ಕೆ ಒಯ್ದು ಮಾತಾಡಿ ನೋಡಿ. ಕುಮಟಾ ಪೇಟೆಯಲ್ಲಿ ಚೆನ್ನಾಗಿ ಬರುವ ಸಿಗ್ನಲ್ಲು ನಮ್ಮ ತೆಂಗಿನ ತೋಟದೊಳಗೆ, ಜುಲೈನ ಗಾಳಿಮಳೆಗೆ ಕರೆಂಟು ಹೋದ ರಾತ್ರಿ ಇರುತ್ತದೆಯೇ ಎಂಬುದು ಜಾಹೀರಾತಿನಲ್ಲಿ ತಿಳಿಯುವುದಿಲ್ಲ. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್ ಕೂಡ ಸ್ವದೇಶಿ ಉಪಕರಣಗಳ 4ಜಿಯನ್ನು ದೇಶದಾದ್ಯಂತ ಆರಂಭಿಸಿದೆ. ಅದು ನಿಮ್ಮ ಮನೆ ಮುಟ್ಟಿದೆಯೇ ಎಂಬುದನ್ನೂ ಹೀಗೆಯೇ ನೋಡಿಕೊಳ್ಳಬೇಕು.

ಇನ್ನು ಫೋನು. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಾತಿಗೆ ಮಾತ್ರವಾದರೆ ಸಾವಿರ ರೂಪಾಯಿ ಆಸುಪಾಸಿನ ಗುಂಡಿ ಫೋನು ಸಾಕು. 2022ರ ಮಾರ್ಚಿನಿಂದ ಅಂಥ ಫೋನಿನಲ್ಲೂ ಯುಪಿಐ ಪಾವತಿಗೆ ವ್ಯವಸ್ಥೆಯಿದೆ. ಸ್ಮಾರ್ಟ್‌ಫೋನೇ ಬೇಕೆಂದರೆ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮೊದಲು ಮೆಮೊರಿ ಎಷ್ಟು, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಎಂದು ಕೇಳಿ. ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಡುವುದು ಕ್ಷೇಮವಲ್ಲ. ಜಾಗ ತುಂಬಿ ನಿಧಾನವಾದ ಫೋನನ್ನು ಎಸೆಯುವ ಮೊದಲು ವಾಟ್ಸ್‌ಆ್ಯಪಿನ ಶುಭೋದಯದ ವಿಡಿಯೋಗಳನ್ನು ಅಳಿಸಿ ನೋಡಿ.

ಕಂತಿನ ಫೋನಿನ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. 'ಮುಂಗಡವಿಲ್ಲ, ಬಡ್ಡಿಯಿಲ್ಲ' ಎಂದು ಸಾಲದಲ್ಲಿ ಕೊಡುವ ಎಷ್ಟೋ ಫೋನುಗಳಲ್ಲಿ ಸಾಲ ಕೊಟ್ಟವರ ಆ್ಯಪ್ ಒಂದು ಕೂತಿರುತ್ತದೆ. ಕಂತು ತಪ್ಪಿದರೆ ಪರದೆಯೇ ಲಾಕ್. ನಮ್ಮ ಕೇರಿಯ ಹುಡುಗನೊಬ್ಬನಿಗೆ ಮಳೆಗಾಲದಲ್ಲಿ ಹಾಗಾಯಿತು. ಕೆಲಸವಿಲ್ಲದ್ದರಿಂದ ಕಂತು ತಪ್ಪಿತು, ಫೋನು ಲಾಕಾದದ್ದರಿಂದ ಕೆಲಸಕ್ಕೆ ಕರೆಯುವವರ ಕರೆಯೂ ತಪ್ಪಿತು. ಕರಾರಿಲ್ಲದ ಸಂಪರ್ಕವಿಟ್ಟುಕೊಂಡು ಕರಾರಿನ ಫೋನು ಕೊಂಡರೆ ಇಷ್ಟು ದಿನ ಉಳಿಸಿಕೊಂಡ ಸ್ವಾತಂತ್ರ್ಯವನ್ನೇ ಅಡ ಇಟ್ಟ ಹಾಗಾಯಿತು. ದುಡ್ಡು ಸಾಲದಿದ್ದರೆ ಅಗ್ಗದ್ದನ್ನು ನಗದಿಗೆ ಕೊಳ್ಳಿ, ಅಥವಾ ಬಳಸಿದ್ದನ್ನು ಕೊಳ್ಳಿ. ಬಳಸಿದ ಫೋನಾದರೆ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ. 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು ಆ ಸಂಖ್ಯೆ ಸೇರಿಸಿ 14422ಕ್ಕೆ ಕಳಿಸಿದರೆ ಅದು ಕದ್ದ, ಬ್ಲಾಕಾದ ಫೋನೇ ಎಂದು ತಿಳಿಯುತ್ತದೆ. ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ, 2023ರ ಮೇ ತಿಂಗಳಿನಿಂದ, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದೂ ನೋಡಬಹುದು, ಕಳೆದ ಫೋನನ್ನು ಬ್ಲಾಕ್ ಮಾಡಿಸಬಹುದು. ಸಿಮ್ ಕೊಳ್ಳುವಾಗ ಬೆರಳು ಎರಡೆರಡು ಸಲ ಒತ್ತಿಸಿಕೊಂಡರೆ ಮನೆಗೆ ಬಂದು ಅದನ್ನು ತಪ್ಪದೆ ನೋಡಿ.

ಅಂಗಡಿಯ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಸಿಗುವ ಕಮಿಷನ್ ಸಣ್ಣದು, ಗಿರಾಕಿಗಳು ಸಾಲುಗಟ್ಟಿರುತ್ತಾರೆ, ಎಲ್ಲರೂ ಹಾಕಿಸುವ ಪ್ಯಾಕನ್ನೇ ಅವರೂ ಹಾಕುತ್ತಾರೆ. ಆದ್ದರಿಂದ ಕೇಳುವ ಕೆಲಸ ನಮ್ಮದು. ಮುಂದಿನ ಸಲ ಹೋದಾಗ ಹೀಗೆ ಕೇಳಿ: "ತಮ್ಮಾ, ಬರೀ ಮಾತಿಗೆ ಇರೂದು ಯಾವ್ದು? ಎಷ್ಟು ದಿನ ಬರ್ತದೆ? ಅದೇ ತಾರೀಕಿಗೆ ತುಂಬೂದು ಇದ್ಯಾ?" ಓದಲು ಬಾರದ ನೆರೆಮನೆಯವರ ಪರವಾಗಿಯೂ ಇದನ್ನು ಕೇಳಿ. ಇಲ್ಲವೆಂದರೆ, ಅಥವಾ ಹೇಳಿದ್ದೇ ಒಂದು ಹಾಕಿದ್ದೇ ಒಂದಾದರೆ, ನಿಮ್ಮ ಫೋನಿನಿಂದ 198ಕ್ಕೆ ಕರೆ ಮಾಡಿ ದೂರು ಕೊಡಿ. ಆ ಕರೆಗೆ ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.